ಶೈತ್ಯಯಂತ್ರದ ಸ್ಥಿರಸ್ಥಿತಿಯ ಗಣನೆ: ಡೈರಿ ಸರ್ಕಲ್ಲಿನಿಂದ ಒಂದು ನೋಟ

1. ಪ್ರಸ್ತಾವನೆ

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಜಯನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ಸಮೀಪದಲ್ಲಿ, ಬನ್ನೇರುಘಟ್ಟದ ರಸ್ತೆ ಆರಂಭವಾಗುವ ಕೂಡುದಾರಿಗೆ ಡೈರಿ ಸರ್ಕಲ್ ಎಂಬ ಹೆಸರು ರೂಢಿಯಲ್ಲಿದೆ. ಸ್ಥಳನಾಮಗಳಲ್ಲಿ ಚರಿತ್ರೆ ಅಡಗಿರುತ್ತದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಉಳಿದುಕೊಂಡಿವೆ. ಹಾಗೆಯೇ ಡೈರಿ ಸರ್ಕಲ್ ಎಂಬ ಹೆಸರಿನಲ್ಲಿ ಉಳಿದಿರುವುದು ಹಾಲನ್ನು ತಣಿಸಿ ಕಾಪಾಡುವ ಉದ್ಯಮದ ನೆನಪು.

ಈ ಉದ್ಯಮಕ್ಕೆ ಬೆಂಗಳೂರಿನಲ್ಲಿ ದೀರ್ಘವಾದ ಹಿನ್ನೆಲೆಯುಂಟು. 1923ರಲ್ಲಿ ಇಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರು ಗೋಪಾಲನೆಯನ್ನು ಅರಿಯುವ ಸಲುವಾಗಿ ಆ ಸಂಸ್ಥೆಗೆ ಭೇಟಿಯಿತ್ತರು. ಮುಂದೆ ಆಣಂದದ ಹಾಲಿನ ಸಹಕಾರಕ್ಕೆ ಆಧಾರಸ್ತಂಭವಾದ ವರ್ಗೀಸ್ ಕುರಿಯನ್ನರು 1940ರ ದಶಕದ ಮಧ್ಯದಲ್ಲಿ ಇಲ್ಲಿಯೇ ತರಬೇತಿ ಪಡೆದರು. 1955ರಲ್ಲಿ ಸಂಸ್ಥೆಯ ಕೇಂದ್ರವು ಕರ್ನಾಲಿಗೆ ಹೋದ ಬಳಿಕ ಆಡುಗೋಡಿಯದು ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಾಯಿತು. ಯುನಿಸೆಫ್ ಸಂಸ್ಥೆಯ ನೆರವಿನಿಂದ ಬೆಂಗಳೂರು ಡೈರಿ ರೂಪುಗೊಂಡು 1965ರಲ್ಲಿ ಲೋಕಾರ್ಪಣೆಗೊಂಡಿತು.

ಈ ಸಂಗತಿಗಳನ್ನು ಬರೆಯುವಾಗ ಚರಿತ್ರೆಕಾರರಾದ ನಾವು ಸಾಮಾನ್ಯವಾಗಿ ಸಂಸ್ಥೆಗಳ ಸ್ಥಾಪನೆ, ಮಹನೀಯರ ಭೇಟಿ, ಸಹಕಾರ ಚಳವಳಿ ಇವುಗಳಲ್ಲಿಯೇ ನಿಂತುಬಿಡುತ್ತೇವೆ. ಹಾಲು ಹಳ್ಳಿಯಿಂದ ಪಟ್ಟಣಕ್ಕೆ ಕೆಡದೆ ಬರಬೇಕಾದರೆ ಅದನ್ನು ತಣಿಸುವ ಯಂತ್ರವೊಂದು ದಿನವೂ ಇಂತಿಷ್ಟು ಶಾಖವನ್ನು ತೆಗೆಯಲೇಬೇಕು. ಎಷ್ಟು ತೆಗೆಯುತ್ತದೆ, ಅದಕ್ಕೆ ಎಷ್ಟು ವಿದ್ಯುತ್ತು ಬೇಕು ಎಂಬುದನ್ನು ಮೊದಲೇ ಲೆಕ್ಕಮಾಡುವ ಬಗೆ ಹೇಗೆ? ಈ ಪ್ರಶ್ನೆಗೆ ಯಂತ್ರಶಾಸ್ತ್ರಜ್ಞರು ಕೊಟ್ಟಿರುವ ಉತ್ತರವನ್ನು, ಗಣಿತದಲ್ಲಿ ವಿಶೇಷ ಪರಿಶ್ರಮವಿಲ್ಲದ ವಾಚಕರಿಗೂ ತಿಳಿಯುವಂತೆ, ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಯಂತ್ರದ ಶಕ್ತಿಯೆಂಬುದು ಅದರ ಯಾವ ಒಂದು ಅಂಗದ ಸ್ವತ್ತೂ ಅಲ್ಲ. ಎಲ್ಲ ಅಂಗಗಳೂ ಸುತ್ತಲಿನ ಹವೆಯೂ ಕೂಡಿ ಒಪ್ಪಿದ ಒಂದು ನೆಲೆ ಅದು. ಆ ನೆಲೆಯನ್ನು ಗಣನೆಯಿಂದಲೇ ಹುಡುಕಬೇಕು. ಇದೇ ಇಲ್ಲಿ ಪ್ರತಿಪಾದಿಸತಕ್ಕ ವಿಷಯ.

2. ಸ್ಥಿರಸ್ಥಿತಿ ಎಂದರೇನು?

ಬೇಸಗೆಯಲ್ಲಿ ಮಣ್ಣಿನ ಹೂಜಿಯಲ್ಲಿ ನೀರು ತುಂಬಿಟ್ಟರೆ ಅದು ಮೆಲ್ಲಗೆ ತಣ್ಣಗಾಗುತ್ತದೆ. ಆದರೆ ತಣ್ಣಗಾಗುತ್ತಲೇ ಹೋಗುವುದಿಲ್ಲ. ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಶಾಖ ಹೊರಗೆ ಹೋಗುತ್ತದೆ. ಹೂಜಿ ತಣಿದಷ್ಟೂ ಸುತ್ತಲಿನ ಬೆಚ್ಚನೆಯ ಗಾಳಿಯಿಂದ ಶಾಖ ಒಳಗೆ ಬರುತ್ತದೆ. ಹೋಗುವುದೂ ಬರುವುದೂ ಸಮವಾದಾಗ ಉಷ್ಣತೆ ಬದಲಾಗದೆ ನಿಲ್ಲುತ್ತದೆ. ಇದೇ ಸ್ಥಿರಸ್ಥಿತಿ. ಇಲ್ಲಿ ಚಲನೆ ನಿಂತಿಲ್ಲ. ಶಾಖ ಎಡೆಬಿಡದೆ ಹರಿಯುತ್ತಲೇ ಇದೆ. ಬದಲಾವಣೆ ಮಾತ್ರ ನಿಂತಿದೆ. ಆಯವೂ ವ್ಯಯವೂ ಸಮನಾಗಿರುವ ಮನೆಯಲ್ಲಿ ಹಣ ಓಡಾಡುತ್ತಿದ್ದರೂ ಪೆಟ್ಟಿಗೆಯ ಮೊತ್ತ ಒಂದೇ ಆಗಿರುವಂತೆ.

ಹೂಜಿಯ ನೀರು ಎಷ್ಟರಮಟ್ಟಿಗೆ ತಣಿಯಬಲ್ಲದೆಂಬುದನ್ನು ಹೂಜಿಯೊಂದೇ ನಿರ್ಧರಿಸುವುದಿಲ್ಲ. ಗಾಳಿ ಒಣಗಿದ್ದರೆ ಹೆಚ್ಚು ತಣಿಯುತ್ತದೆ, ತೇವವಾಗಿದ್ದರೆ ಕಡಿಮೆ. ಬಯಲುಸೀಮೆಯಲ್ಲಿ ಹೂಜಿಗಿರುವ ಗೌರವ ಕರಾವಳಿಯಲ್ಲಿ ಇಲ್ಲದಿರುವುದಕ್ಕೆ ಕಾರಣ ಇದೇ. ಈ ಸಣ್ಣ ಸಂಗತಿ ಮುಂದೆ ದೊಡ್ಡ ಯಂತ್ರದಲ್ಲಿಯೂ ನಮ್ಮನ್ನು ಎದುರುಗೊಳ್ಳಲಿದೆ.

3. ಯಂತ್ರದ ನಾಲ್ಕು ಅಂಗಗಳು

ಶೈತ್ಯಯಂತ್ರಕ್ಕೆ ನಾಲ್ಕು ಮುಖ್ಯ ಅಂಗಗಳುಂಟು. ಇವಕ್ಕೆ ಸಂಪೀಡಕ, ಸಾಂದ್ರಕ ಮೊದಲಾದ ಪಾರಿಭಾಷಿಕ ಪದಗಳಿದ್ದರೂ ಯಂತ್ರದ ಬಳಿ ನಿಂತು ದುಡಿಯುವವರು ಕಂಪ್ರೆಸರ್, ಕಂಡೆನ್ಸರ್ ಎಂದೇ ಹೇಳುವುದರಿಂದ ಇಲ್ಲಿಯೂ ಅವನ್ನೇ ಬಳಸಲಾಗಿದೆ.

ದೊಡ್ಡ ಡೈರಿಗಳ ಯಂತ್ರಗಳಲ್ಲಿ ಸಾಮಾನ್ಯವಾಗಿ ಅಮೋನಿಯಾ ಹರಿಯುತ್ತದೆ. ಮೊದಲನೆಯ ಅಂಗವಾದ ಎವಾಪೊರೇಟರಿನಲ್ಲಿ ದ್ರವ ಅಮೋನಿಯಾ ಕಡಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತದೆ. ಹಾಗೆ ಕುದಿಯಲು ಬೇಕಾದ ಶಾಖವನ್ನು ಪಕ್ಕದಲ್ಲಿ ಹರಿಯುವ ನೀರಿನಿಂದ ಕಸಿದುಕೊಳ್ಳುತ್ತದೆ. ಆ ತಣ್ಣೀರು ಹಾಲನ್ನು ತಣಿಸುತ್ತದೆ. ಎರಡನೆಯದಾದ ಕಂಪ್ರೆಸರ್ ಈ ಆವಿಯನ್ನು ಎಳೆದು ಅದುಮಿ ಹೆಚ್ಚಿನ ಒತ್ತಡಕ್ಕೆ ಏರಿಸುತ್ತದೆ. ವಿದ್ಯುತ್ತು ವೆಚ್ಚವಾಗುವುದು ಮುಖ್ಯವಾಗಿ ಇಲ್ಲಿಯೇ. ಮೂರನೆಯದಾದ ಕಂಡೆನ್ಸರಿನಲ್ಲಿ ಆವಿಯು ತನ್ನ ಶಾಖವನ್ನು ಹೊರಗಿನ ನೀರಿಗೆ ಒಪ್ಪಿಸಿ ಮತ್ತೆ ದ್ರವವಾಗುತ್ತದೆ. ನಾಲ್ಕನೆಯದಾದ ಎಕ್ಸ್‌ಪ್ಯಾನ್ಷನ್ ವಾಲ್ವ್ ಈ ದ್ರವವನ್ನು ಮತ್ತೆ ಕಡಮೆ ಒತ್ತಡಕ್ಕೆ ಇಳಿಸಿ ಎವಾಪೊರೇಟರಿಗೆ ಬಿಡುತ್ತದೆ. ಅಮೋನಿಯಾ ಶೂನ್ಯಕ್ಕಿಂತ 5 ಡಿಗ್ರಿ ಕೆಳಗೆ ಕುದಿಯಬೇಕಾದರೆ ಸುಮಾರು 3.5 ಬಾರ್ ಒತ್ತಡವಿರಬೇಕು. 35 ಡಿಗ್ರಿಯಲ್ಲಿ ದ್ರವವಾಗಬೇಕಾದರೆ ಸುಮಾರು 13.5 ಬಾರ್ ಬೇಕು.

ಈಗ ತೊಡಕನ್ನು ಗಮನಿಸಬೇಕು. ಕಂಪ್ರೆಸರ್ ಎಷ್ಟು ಆವಿಯನ್ನು ಎಳೆಯುತ್ತದೆಂಬುದು ಎವಾಪೊರೇಟರಿನ ಒತ್ತಡವನ್ನು ಅವಲಂಬಿಸಿದೆ. ಎವಾಪೊರೇಟರಿನ ಒತ್ತಡವು ಕಂಪ್ರೆಸರ್ ಎಷ್ಟು ಎಳೆಯುತ್ತದೆಂಬುದನ್ನು ಅವಲಂಬಿಸಿದೆ. ಕಂಡೆನ್ಸರಿನ ಉಷ್ಣತೆ ಅಲ್ಲಿಗೆ ಬಂದ ಶಾಖವನ್ನು ಅವಲಂಬಿಸಿದೆ. ಬರುವ ಶಾಖವಾದರೋ ಉಳಿದೆರಡು ಅಂಗಗಳ ನಡತೆಯಿಂದ ಹುಟ್ಟುತ್ತದೆ. ಹೀಗೆ ಒಂದನ್ನು ತಿಳಿಯಲು ಇನ್ನೊಂದು ಬೇಕು, ಇನ್ನೊಂದನ್ನು ತಿಳಿಯಲು ಮೊದಲನೆಯದು ಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ವಾದದಲ್ಲಿ ದೋಷವಾದದ್ದು ಯಂತ್ರದಲ್ಲಿ ಸ್ವಭಾವವೇ ಆಗಿದೆ. ಯಂತ್ರವು ತಾನಾಗಿಯೇ ಕೆಲವು ನಿಮಿಷಗಳಲ್ಲಿ ಎಲ್ಲ ಅಂಗಗಳಿಗೂ ಒಪ್ಪುವ ನೆಲೆಗೆ ಬಂದು ನಿಲ್ಲುತ್ತದೆ. ಅದನ್ನು ಕಟ್ಟುವ ಮೊದಲೇ ಆ ನೆಲೆಯನ್ನು ಕಾಗದದ ಮೇಲೆ ಕಾಣುವುದು ಗಣಕನ ಕೆಲಸ.

4. ಗಣನೆಯು ಬೆಳೆದುಬಂದ ದಾರಿ

ಯಂತ್ರದಿಂದ ತಣ್ಪನ್ನು ಪಡೆಯುವ ಮೊದಲು ನಮ್ಮ ದೇಶದಲ್ಲಿ ತಣ್ಪು ಹಡಗಿನಲ್ಲಿ ಬರುತ್ತಿತ್ತು. 1833ರಲ್ಲಿ ಫ್ರೆಡರಿಕ್ ಟ್ಯೂಡರನ ಹಡಗು ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಮಂಜುಗಡ್ಡೆಯನ್ನು ಹೊತ್ತು ತಂದಿತು. ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಆ ವ್ಯಾಪಾರದ ಗುರುತಾಗಿ ಇಂದಿಗೂ ನಿಂತಿದೆ. ಆ ಕಾಲದಲ್ಲಿ ಲೆಕ್ಕ ಸರಳವಾಗಿತ್ತು: ಎಷ್ಟು ತುಂಬಿದ್ದು, ಎಷ್ಟು ಕರಗಿದ್ದು, ಎಷ್ಟು ಉಳಿದದ್ದು.

ಯಂತ್ರದ ಲೆಕ್ಕಕ್ಕೆ ತಳಹದಿ ಹಾಕಿದವನು ಫ್ರಾನ್ಸಿನ ಸಾದಿ ಕಾರ್ನೋ. ಶಾಖದಿಂದ ಪಡೆಯಬಹುದಾದ ಕೆಲಸಕ್ಕೆ ಮೀರಲಾಗದ ಒಂದು ಎಲ್ಲೆಯುಂಟೆಂದೂ, ಆ ಎಲ್ಲೆ ಎರಡು ಉಷ್ಣತೆಗಳಿಂದ ಮಾತ್ರ ನಿರ್ಣಯವಾಗುತ್ತದೆಂದೂ ಅವನು 1824ರಲ್ಲಿ ತೋರಿಸಿದನು. 1834ರಲ್ಲಿ ಜೇಕಬ್ ಪರ್ಕಿನ್ಸ್ ಆವಿಯನ್ನು ಅದುಮಿ ತಣ್ಪು ಪಡೆಯುವ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. 1852ರಲ್ಲಿ ವಿಲಿಯಂ ಥಾಮ್ಸನ್, ಅಂಥ ಯಂತ್ರದಿಂದ ಕಟ್ಟಡವನ್ನು ತಣಿಸಬಹುದಾದಂತೆ ಬೆಚ್ಚಗೂ ಇಡಬಹುದೆಂದು ಸೂಚಿಸಿದನು. ಶಾಖಪಂಪಿನ ಕಲ್ಪನೆ ಅಲ್ಲಿ ಸ್ಪಷ್ಟರೂಪ ಪಡೆಯಿತು. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲಿಂಡೆಯ ಅಮೋನಿಯಾ ಯಂತ್ರ ಉದ್ಯಮಗಳಿಗೆ ಕಾಲಿಟ್ಟಿತು. 1904ರಲ್ಲಿ ರಿಚರ್ಡ್ ಮೋಲಿಯರ್ ಪ್ರಕಟಿಸಿದ ನಕ್ಷೆಗಳಿಂದ, ದ್ರವವು ಯಂತ್ರದ ಸುತ್ತ ಹೋಗುವ ದಾರಿಯನ್ನು ಒಂದೇ ಹಾಳೆಯ ಮೇಲೆ ಗೆರೆಯೆಳೆದು ಅಳೆಯುವುದು ಸಾಧ್ಯವಾಯಿತು.

ಆದರೆ ಈ ನಕ್ಷೆಗಳಿಂದ ತಿಳಿಯುತ್ತಿದ್ದುದು, ಎರಡು ಉಷ್ಣತೆಗಳನ್ನು ನಾವೇ ಮೊದಲು ಕೊಟ್ಟರೆ ಉಳಿದದ್ದು ಏನಾಗುತ್ತದೆಂಬುದು ಮಾತ್ರ. ಯಂತ್ರವು ತಾನಾಗಿ ಯಾವ ಉಷ್ಣತೆಗಳಲ್ಲಿ ನಿಲ್ಲುವುದೆಂಬುದನ್ನು ಬೇರೆಯಾಗಿ ಹುಡುಕಬೇಕಾಗಿತ್ತು. ಅದಕ್ಕಾಗಿ ಎಂಜಿನಿಯರುಗಳು ಗ್ರಾಫ್ ಕಾಗದದ ಮೇಲೆ ಕಂಪ್ರೆಸರಿನ ಗೆರೆಯನ್ನೂ ಎವಾಪೊರೇಟರಿನ ಗೆರೆಯನ್ನೂ ಎಳೆದು, ಅವು ಕೂಡುವ ಬಿಂದುವನ್ನು ಗುರುತಿಸುತ್ತಿದ್ದರು. ಅಂಗಗಳ ಸಂಖ್ಯೆ ಹೆಚ್ಚಿದಂತೆಲ್ಲ ಗೆರೆಗಳ ಕಾಡು ಬೆಳೆಯುತ್ತಿತ್ತು. ಗಣಕಯಂತ್ರಗಳು ಬಂದ ಮೇಲೆ ಈ ಕೆಲಸ ಸಮೀಕರಣಗಳಿಗೆ ವರ್ಗವಾಯಿತು. ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಟೋಕರ್ ಅವರು 1971ರಲ್ಲಿ ಪ್ರಕಟಿಸಿದ ಪಠ್ಯಗ್ರಂಥವು ಇಡೀ ವ್ಯವಸ್ಥೆಯನ್ನು ಸಮೀಕರಣಗಳ ಗುಂಪಾಗಿ ಬಿಡಿಸುವ ಪದ್ಧತಿಯನ್ನು ತರಗತಿಗೆ ತಂದಿತು. 1973ರ ತೈಲದ ಬಿಕ್ಕಟ್ಟಿನ ತರುವಾಯ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಶಾಖಪಂಪಿನ ಸ್ಥಿರಸ್ಥಿತಿಯನ್ನು ಗಣಿಸುವ ಕ್ರಮವಿಧಿ ರೂಪುಗೊಂಡಿತು. ಇಂಧನದ ಬೆಲೆ ಏರಿದಾಗಲೇ ಗಣನೆಗೂ ಬೆಲೆ ಬಂದಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು.

5. ಒಂದು ಉದಾಹರಣೆ

ವಿಧಾನವನ್ನು ತಿಳಿಯಲು ಒಂದು ಕಲ್ಪಿತ ಯಂತ್ರವನ್ನು ತೆಗೆದುಕೊಳ್ಳೋಣ. ಇಲ್ಲಿನ ಅಂಕಿಗಳು ಯಾವ ಡೈರಿಗೂ ಸೇರಿದವಲ್ಲ. ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡವು.

ಕುದಿಯುವ ಉಷ್ಣತೆ ಶೂನ್ಯಕ್ಕಿಂತ 5 ಡಿಗ್ರಿ ಕೆಳಗೂ ದ್ರವವಾಗುವ ಉಷ್ಣತೆ 35 ಡಿಗ್ರಿಯೂ ಇದ್ದಾಗ ಈ ಯಂತ್ರವು 100 ಕಿಲೊವಾಟ್ ತಣ್ಪನ್ನು ಕೊಡುತ್ತದೆ, 25 ಕಿಲೊವಾಟ್ ವಿದ್ಯುತ್ತನ್ನು ಬಳಸುತ್ತದೆ ಎನ್ನೋಣ. ಅದರ ನಡತೆಯನ್ನು ನಾಲ್ಕು ನಿಯಮಗಳಲ್ಲಿ ಹೇಳಬಹುದು.

ಒಂದು, ಕಂಪ್ರೆಸರಿನ ನಿಯಮ: ಕುದಿಯುವ ಉಷ್ಣತೆ 1 ಡಿಗ್ರಿ ಏರಿದರೆ ತಣ್ಪು 4 ಕಿಲೊವಾಟ್ ಹೆಚ್ಚುತ್ತದೆ, ದ್ರವವಾಗುವ ಉಷ್ಣತೆ 1 ಡಿಗ್ರಿ ಏರಿದರೆ ತಣ್ಪು 1 ಕಿಲೊವಾಟ್ ಇಳಿದು, ವಿದ್ಯುತ್ತು 0.6 ಕಿಲೊವಾಟ್ ಏರುತ್ತದೆ.

ಎರಡು, ಎವಾಪೊರೇಟರಿನ ನಿಯಮ: ಹಾಲನ್ನು ತಣಿಸಿ ಹಿಂದಿರುಗಿ ಬರುವ ನೀರು 5 ಡಿಗ್ರಿಯಲ್ಲಿದೆ. ಆ ನೀರಿಗೂ ಕುದಿಯುವ ಅಮೋನಿಯಾಕ್ಕೂ ಇರುವ ಅಂತರದ ಪ್ರತಿ ಡಿಗ್ರಿಗೆ 10 ಕಿಲೊವಾಟ್ ಶಾಖ ದಾಟುತ್ತದೆ.

ಮೂರು, ಕಂಡೆನ್ಸರಿನ ನಿಯಮ: ದ್ರವವಾಗುವ ಅಮೋನಿಯಾಕ್ಕೂ ಹೊರಗಿನಿಂದ ಬರುವ ತಣಿಸುವ ನೀರಿಗೂ ಇರುವ ಅಂತರದ ಪ್ರತಿ ಡಿಗ್ರಿಗೆ 12.5 ಕಿಲೊವಾಟ್ ಶಾಖ ದಾಟುತ್ತದೆ.

ನಾಲ್ಕು, ಆಯವ್ಯಯದ ನಿಯಮ: ಹೊರಗೆ ಬಿಡುವ ಶಾಖವು ಒಳಗೆ ತೆಗೆದ ಶಾಖ ಮತ್ತು ಬಳಸಿದ ವಿದ್ಯುತ್ತು ಇವೆರಡರ ಮೊತ್ತಕ್ಕೆ ಸಮ.

ತಣಿಸುವ ನೀರು 25 ಡಿಗ್ರಿಯಲ್ಲಿ ಬಂದರೆ ಮೇಲಿನ 100 ಮತ್ತು 25ರ ಅಂಕಿಗಳು ನಾಲ್ಕು ನಿಯಮಗಳಿಗೂ ಸರಿಯಾಗಿ ಹೊಂದುತ್ತವೆ. 125 ಕಿಲೊವಾಟನ್ನು 12.5ರಿಂದ ಭಾಗಿಸಿದರೆ 10 ಡಿಗ್ರಿ. 25ಕ್ಕೆ 10 ಕೂಡಿದರೆ 35. ಇದು ಒಣಹವೆಯ ಬೆಂಗಳೂರಿಗೆ ಒಪ್ಪುವ ಸ್ಥಿತಿ. ಈ ನೀರನ್ನು ತಣಿಸುವ ಗೋಪುರವು ಹೂಜಿಯ ತತ್ತ್ವದಿಂದಲೇ ಕೆಲಸಮಾಡುತ್ತದೆಂಬುದನ್ನು ನೆನೆಯಬೇಕು. ಅದೇ ಯಂತ್ರವನ್ನು ತೇವದ ಹವೆಯ ಮಂಗಳೂರಿಗೆ ಒಯ್ದು ನಿಲ್ಲಿಸಿದೆವೆನ್ನೋಣ. ಅಲ್ಲಿ ಗೋಪುರದಿಂದ ಬರುವ ನೀರು 31 ಡಿಗ್ರಿಯದಾಗಿರಲಿ. ಈಗ ಯಂತ್ರ ಎಲ್ಲಿ ನಿಲ್ಲುವುದು?

ಮೊದಲು ಹಳೆಯ ಉಷ್ಣತೆಗಳನ್ನೇ ಊಹಿಸಿ ಲೆಕ್ಕವನ್ನು ಆರಂಭಿಸಬೇಕು. ಬಂದ ಉತ್ತರದಿಂದ ಹೊಸ ಉಷ್ಣತೆಗಳನ್ನು ಪಡೆಯಬೇಕು. ಅವುಗಳಿಂದ ಮತ್ತೆ ಲೆಕ್ಕಮಾಡಬೇಕು.

ಮೊದಲ ಸುತ್ತು: ತಣ್ಪು 100, ವಿದ್ಯುತ್ತು 25, ಹೊರಬಿಟ್ಟ ಶಾಖ 125. ಇದರಿಂದ ದ್ರವವಾಗುವ ಉಷ್ಣತೆ 41.0, ಕುದಿಯುವ ಉಷ್ಣತೆ ಶೂನ್ಯಕ್ಕಿಂತ 5.0 ಕೆಳಗೆ.

ಎರಡನೆಯ ಸುತ್ತು: ತಣ್ಪು 94.0, ವಿದ್ಯುತ್ತು 28.6, ಹೊರಬಿಟ್ಟ ಶಾಖ 122.6. ಉಷ್ಣತೆಗಳು 40.8 ಮತ್ತು ಶೂನ್ಯಕ್ಕಿಂತ 4.4 ಕೆಳಗೆ.

ಮೂರನೆಯ ಸುತ್ತು: ತಣ್ಪು 96.6, ವಿದ್ಯುತ್ತು 28.5, ಹೊರಬಿಟ್ಟ ಶಾಖ 125.1. ಉಷ್ಣತೆಗಳು 41.0 ಮತ್ತು ಶೂನ್ಯಕ್ಕಿಂತ 4.7 ಕೆಳಗೆ.

ನಾಲ್ಕನೆಯ ಸುತ್ತಿನಲ್ಲಿ ತಣ್ಪು 95.4, ಐದನೆಯದರಲ್ಲಿ 95.9. ಹೀಗೆ ಉತ್ತರವು ತೂಗುಯ್ಯಾಲೆಯಂತೆ ಆಚೆಗೊಮ್ಮೆ ಈಚೆಗೊಮ್ಮೆ ತೂಗಿ, ತೂಗಾಟ ಕಿರಿದಾಗುತ್ತ 95.8 ಕಿಲೊವಾಟಿನಲ್ಲಿ ನಿಲ್ಲುತ್ತದೆ. ಆಗ ವಿದ್ಯುತ್ತು 28.6 ಕಿಲೊವಾಟ್, ದ್ರವವಾಗುವ ಉಷ್ಣತೆ 40.9 ಡಿಗ್ರಿ, ಕುದಿಯುವ ಉಷ್ಣತೆ ಶೂನ್ಯಕ್ಕಿಂತ 4.6 ಡಿಗ್ರಿ ಕೆಳಗೆ.

ಇದನ್ನು ಹಾಲಿನ ಭಾಷೆಗೆ ತಂದು ನೋಡೋಣ. 1 ಕಿಲೋಗ್ರಾಂ ಹಾಲನ್ನು 1 ಡಿಗ್ರಿ ತಣಿಸಲು ಸುಮಾರು 3.9 ಕಿಲೊಜೂಲ್ ಶಾಖವನ್ನು ತೆಗೆಯಬೇಕು. ಕರೆದ ಹಾಲಿನ 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಕಿಲೋಗ್ರಾಂ ಒಂದಕ್ಕೆ ಸುಮಾರು 121 ಕಿಲೊಜೂಲ್. ಆದ್ದರಿಂದ ಬೆಂಗಳೂರಿನಲ್ಲಿ ಗಂಟೆಗೆ ಸುಮಾರು 2,980 ಕಿಲೋಗ್ರಾಂ ಹಾಲನ್ನು ತಣಿಸುವ ಯಂತ್ರವು ಮಂಗಳೂರಿನಲ್ಲಿ 2,850 ಕಿಲೋಗ್ರಾಮನ್ನು ಮಾತ್ರ ತಣಿಸುತ್ತದೆ. 1,000 ಕಿಲೋಗ್ರಾಂ ಹಾಲಿಗೆ ಕಂಪ್ರೆಸರು ಬಳಸುವ ವಿದ್ಯುತ್ತು 8.4 ಯೂನಿಟ್ಟಿನಿಂದ 10 ಯೂನಿಟ್ಟಿಗೆ ಏರುತ್ತದೆ. ಯಂತ್ರ ಒಂದೇ, ಅದರ ಮೈಮೇಲಿನ ಫಲಕದ ಅಂಕಿಯೂ ಒಂದೇ. ಫಲಕವನ್ನು ನಂಬಿ ಹಾಲು ಸಂಗ್ರಹಿಸಿದವನಿಗೆ ಪ್ರತಿ ಗಂಟೆಗೂ ನೂರಕ್ಕಿಂತ ಹೆಚ್ಚು ಕಿಲೋಗ್ರಾಂ ಹಾಲು ತಣಿಯದೆ ಉಳಿಯುತ್ತದೆ.

ಇನ್ನೊಂದು ಪ್ರಶ್ನೆಯನ್ನು ಇದೇ ನಿಯಮಗಳಿಗೆ ಒಡ್ಡಬಹುದು. ಬೆಂಗಳೂರಿನಲ್ಲಿಯೇ, ಗಡಸು ನೀರಿನ ಸುಣ್ಣ ಕಟ್ಟಿಕೊಂಡು ಕಂಡೆನ್ಸರಿನ ಶಕ್ತಿ ಡಿಗ್ರಿಗೆ 12.5ರಿಂದ 10 ಕಿಲೊವಾಟಿಗೆ ಇಳಿಯಿತೆನ್ನೋಣ. ಲೆಕ್ಕಮಾಡಿದರೆ ತಣ್ಪು 98.2, ವಿದ್ಯುತ್ತು 26.5 ಎಂದು ಬರುತ್ತದೆ. ತಣ್ಪಿನ ನಷ್ಟ ನೂರಕ್ಕೆ ಎರಡಕ್ಕಿಂತ ಕಡಮೆ. ಹಾಲನ್ನು ಮಾತ್ರ ನೋಡುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದರೆ ಅಷ್ಟೇ ತಣ್ಪಿಗೆ ತೆರಬೇಕಾದ ವಿದ್ಯುತ್ತು ನೂರಕ್ಕೆ ಎಂಟರಷ್ಟು ಹೆಚ್ಚಿರುತ್ತದೆ. ಕಂಡೆನ್ಸರಿನ ಕಾಯಿಲೆ ಹಾಲಿನಲ್ಲಿ ಕಾಣದೆ ವಿದ್ಯುತ್ತಿನ ಬಿಲ್ಲಿನಲ್ಲಿ ಕಾಣುತ್ತದೆ. ಇಡೀ ವ್ಯವಸ್ಥೆಯ ಲೆಕ್ಕವಿಲ್ಲದೆ ಈ ನಂಟು ಹೊಳೆಯುವಂತಿಲ್ಲ.

6. ಲೆಕ್ಕ ಕೂಡದಿರುವ ಸಂದರ್ಭ

ಮೇಲಿನ ಉದಾಹರಣೆಯಲ್ಲಿ ತೂಗಾಟ ಅಡಗಿತು. ಯಾವಾಗಲೂ ಹಾಗಾಗುವುದಿಲ್ಲ. ಕಂಪ್ರೆಸರು ಡಿಗ್ರಿಗೆ 4 ಕಿಲೊವಾಟ್ ಬದಲಾಗುತ್ತದೆ, ಎವಾಪೊರೇಟರು ಡಿಗ್ರಿಗೆ 10. ಆದ್ದರಿಂದ ಕುದಿಯುವ ಉಷ್ಣತೆಯಲ್ಲಿ ಮಾಡಿದ ತಪ್ಪು ಪ್ರತಿ ಸುತ್ತಿನಲ್ಲಿಯೂ ಸುಮಾರು ಹತ್ತರಲ್ಲಿ ನಾಲ್ಕು ಭಾಗಕ್ಕೆ ಇಳಿಯುತ್ತದೆ. ಎವಾಪೊರೇಟರು ಚಿಕ್ಕದಾಗಿ ಡಿಗ್ರಿಗೆ 3 ಕಿಲೊವಾಟ್ ಮಾತ್ರ ಇದ್ದರೆ ತಪ್ಪು ಪ್ರತಿ ಸುತ್ತಿಗೂ ಮೂರರಲ್ಲಿ ನಾಲ್ಕರಂತೆ ಬೆಳೆಯುತ್ತ ಹೋಗಿ, ಲೆಕ್ಕವು ಎಲ್ಲಿಗೂ ತಲುಪದೆ ಚೆದುರುತ್ತದೆ. ಆಗಲೂ ಯಂತ್ರಕ್ಕೆ ನಿಲ್ಲುವ ನೆಲೆ ಇದ್ದೇ ಇರುತ್ತದೆ. ದೋಷವಿರುವುದು ನಾವು ಹುಡುಕಿದ ದಾರಿಯಲ್ಲಿ. ಸರದಿಯನ್ನು ತಿರುಗಿಸಿ, ಮೊದಲು ತಣ್ಪನ್ನು ಊಹಿಸಿ ಅದರಿಂದ ಕಂಪ್ರೆಸರಿಗೆ ಬೇಕಾದ ಉಷ್ಣತೆಯನ್ನು ಪಡೆದು, ಆ ಉಷ್ಣತೆಯಿಂದ ಎವಾಪೊರೇಟರಿನ ತಣ್ಪನ್ನು ಕಂಡರೆ, ಅದೇ ಲೆಕ್ಕ ಕೂಡುತ್ತದೆ.

ಸರದಿಯ ಚಿಂತೆಯನ್ನೇ ನೀಗುವ ಇನ್ನೊಂದು ವಿಧಾನ ನ್ಯೂಟನ್ ಮತ್ತು ರಾಫ್ಸನ್ನರ ಹೆಸರಿನದು. ಅದರಲ್ಲಿ ಎಲ್ಲ ಸಮೀಕರಣಗಳ ತಪ್ಪುಗಳನ್ನೂ ಒಟ್ಟಿಗೆ ಅಳೆದು, ಪ್ರತಿ ಉಷ್ಣತೆಯನ್ನು ತುಸು ಬದಲಿಸಿದರೆ ಪ್ರತಿ ತಪ್ಪು ಎಷ್ಟು ಬದಲಾಗುತ್ತದೆಂದು ಕಂಡು, ಎಲ್ಲವನ್ನೂ ಏಕಕಾಲದಲ್ಲಿ ತಿದ್ದಲಾಗುತ್ತದೆ. ನಮ್ಮ ಉದಾಹರಣೆಯಂತೆ ಸಂಬಂಧಗಳು ಸರಳರೇಖೆಗಳಾಗಿದ್ದರೆ ಒಂದೇ ಹೆಜ್ಜೆಗೆ ಉತ್ತರ ದೊರೆಯುತ್ತದೆ. ನಿಜವಾದ ಯಂತ್ರದಲ್ಲಿ ಅವು ವಕ್ರವಾಗಿರುವುದರಿಂದ ಹಲವು ಹೆಜ್ಜೆಗಳು ಬೇಕು. ಮೊದಲ ಊಹೆ ತೀರ ದೂರವಾಗಿದ್ದರೆ ಈ ವಿಧಾನವೂ ದಾರಿ ತಪ್ಪಬಹುದು.

ವಾಲ್ವಿನ ವಿಷಯವನ್ನು ಮೇಲೆ ಬಿಟ್ಟದ್ದಕ್ಕೆ ಕಾರಣವಿದೆ. ದೊಡ್ಡ ಯಂತ್ರಗಳಲ್ಲಿ ವಾಲ್ವ್ ತಾನೇ ತೆರೆದು ಮುಚ್ಚಿ, ಬೇಕಾದಷ್ಟೇ ದ್ರವವನ್ನು ಬಿಡುತ್ತದೆ. ಮನೆಯ ಫ್ರಿಜ್ಜಿನಲ್ಲಿ ಆ ಸ್ಥಾನದಲ್ಲಿ ಸಾಮಾನ್ಯವಾಗಿ ಕೂದಲೆಳೆಯಂಥ ಕಿರುಗೊಳವೆಯೊಂದಿದ್ದು, ಅದಕ್ಕೆ ತೆರೆದು ಮುಚ್ಚುವ ಶಕ್ತಿಯಿಲ್ಲ. ಅಲ್ಲಿ ಗೊಳವೆಯ ಹರಿವಿನ ನಿಯಮವನ್ನೂ ಯಂತ್ರದೊಳಗೆ ತುಂಬಿದ ದ್ರವದ ಒಟ್ಟು ತೂಕವನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.

7. ಶಾಖಪಂಪು

ಇದುವರೆಗೆ ಕಂಡೆನ್ಸರಿನಿಂದ ಹೊರಬರುವ ಶಾಖವನ್ನು ತ್ಯಾಜ್ಯವೆಂದು ಭಾವಿಸಿದೆವು. ಅದನ್ನೇ ಬಳಸಿಕೊಂಡರೆ ಯಂತ್ರ ಶಾಖಪಂಪೆನಿಸುತ್ತದೆ. ನಮ್ಮ ಯಂತ್ರವು ಬೆಂಗಳೂರಿನಲ್ಲಿ 25 ಕಿಲೊವಾಟ್ ವಿದ್ಯುತ್ತಿಗೆ 100 ಕಿಲೊವಾಟ್ ತಣ್ಪನ್ನು ಕೊಟ್ಟಿತು. ಅದರ ಕಾರ್ಯಗುಣಾಂಕ 4. ಅದೇ ಹೊತ್ತಿನಲ್ಲಿ 125 ಕಿಲೊವಾಟ್ ಶಾಖವನ್ನು ಹೊರಬಿಟ್ಟಿತು. ಶಾಖಪಂಪಾಗಿ ನೋಡಿದರೆ ಗುಣಾಂಕ 5. ವಿದ್ಯುತ್ತೆಲ್ಲವೂ ಶಾಖವಾಗಿ ಕಂಡೆನ್ಸರನ್ನು ಸೇರುವ ಇಂಥ ಲೆಕ್ಕದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಒಂದು ಹೆಚ್ಚು.

ಡೈರಿಗೆ ತಣ್ಪಿನಂತೆ ಬಿಸಿಯೂ ಬೇಕು. ಹಾಲನ್ನು ಪಾಶ್ಚರೀಕರಿಸಲು ಅದನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಇಡುವುದು ವಾಡಿಕೆ. ಕ್ಯಾನುಗಳನ್ನೂ ಕೊಳವೆಗಳನ್ನೂ ತೊಳೆಯಲು ಬಿಸಿನೀರು ಬೇಕು. ಹಾಗಾದರೆ ಹೊರಹೋಗುವ ಶಾಖವನ್ನೆಲ್ಲ ಅದಕ್ಕೆ ಬಳಸಬಾರದೇಕೆ? ಉತ್ತರ ಕಾರ್ನೋನಲ್ಲಿದೆ. ಶೂನ್ಯಕ್ಕಿಂತ 5 ಡಿಗ್ರಿ ಕೆಳಗಿನಿಂದ 35 ಡಿಗ್ರಿಗೆ ಶಾಖವನ್ನು ಏರಿಸುವಾಗ ತಣ್ಪಿನ ಗುಣಾಂಕಕ್ಕೆ ಮೇಲಿನ ಎಲ್ಲೆ 6.7, 65 ಡಿಗ್ರಿಗೆ ಏರಿಸಬೇಕಾದರೆ ಎಲ್ಲೆಯೇ 3.8ಕ್ಕೆ ಇಳಿಯುತ್ತದೆ. ಬಿಸಿನೀರಿನ ಆಸೆಯಿಂದ ಕಂಡೆನ್ಸರನ್ನು ಮೇಲೇರಿಸಿದರೆ ಹಾಲಿನ ತಣ್ಪಿಗೆ ಅದರ ದಂಡ ತೆರಬೇಕಾಗುತ್ತದೆ. ಲಾಭವೋ ನಷ್ಟವೋ ಎಂಬುದು ಮತ್ತೆ ಇಡೀ ವ್ಯವಸ್ಥೆಯ ಗಣನೆಯಿಂದಲೇ ತೀರ್ಮಾನವಾಗತಕ್ಕದ್ದು.

ಮನೆಯ ಸ್ನಾನದ ನೀರಿನ ಲೆಕ್ಕ ಇದಕ್ಕಿಂತ ಸರಳ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಸುಮಾರು 3.3 ಯೂನಿಟ್ ಶಾಖ ಬೇಕು. ಗೀಸರು ಅಷ್ಟೂ ವಿದ್ಯುತ್ತನ್ನು ತೆಗೆದುಕೊಳ್ಳುತ್ತದೆ. ಗುಣಾಂಕ 3 ಇರುವ ಶಾಖಪಂಪಿಗೆ 1.1 ಯೂನಿಟ್ ಸಾಕು. ಉಳಿದದ್ದನ್ನು ಅದು ಹೊರಗಿನ ಗಾಳಿಯಿಂದ ಪಡೆಯುತ್ತದೆ. ಚಳಿಗಾಲದಲ್ಲಿಯೂ ಗಾಳಿ ಕೊರೆಯುವಷ್ಟು ತಣ್ಣಗಾಗದ ಬೆಂಗಳೂರಿನಂಥ ಊರಿಗೆ ಈ ಯಂತ್ರ ಚೆನ್ನಾಗಿ ಹೊಂದುತ್ತದೆ.

8. ಸ್ಥಿರಸ್ಥಿತಿಯ ಮಿತಿಗಳು

ಸ್ಥಿರಸ್ಥಿತಿಯೆಂಬುದು ಒಂದು ಅಮೂರ್ತ ಕಲ್ಪನೆ. ಹಳ್ಳಿಯ ಹಾಲು ಸಂಗ್ರಹ ಕೇಂದ್ರದ ತೊಟ್ಟಿಗೆ ಬೆಳಗಿನ ಹಾಲು ಒಮ್ಮೆಲೇ ಬಂದು ಬೀಳುತ್ತದೆ. ಹಾಲು ತಣಿದಂತೆಲ್ಲ ಯಂತ್ರದ ನೆಲೆ ಸರಿಯುತ್ತ ಹೋಗುತ್ತದೆ. ಆಗ ಹಾಲು 35 ಡಿಗ್ರಿಯಲ್ಲಿದ್ದಾಗ ಒಂದು, 30ರಲ್ಲಿ ಒಂದು, 25ರಲ್ಲಿ ಒಂದು ಎಂದು ಸ್ಥಿರಸ್ಥಿತಿಗಳ ಮಾಲೆಯನ್ನೇ ಲೆಕ್ಕಮಾಡಿ, ಪ್ರತಿ ಹಂತಕ್ಕೆ ಹಿಡಿಯುವ ಸಮಯವನ್ನು ಕೂಡಿಸುವುದು ರೂಢಿ. ಯಂತ್ರವು ನೆಲೆ ಬದಲಿಸುವ ವೇಗಕ್ಕಿಂತ ಹಾಲು ತಣಿಯುವ ವೇಗ ಕಡಮೆಯಿರುವವರೆಗೆ ಈ ಲೆಕ್ಕ ನಂಬತಕ್ಕದ್ದು.

ಮನೆಯ ಹವಾನಿಯಂತ್ರಕಗಳ ಮೇಲೆ ನಕ್ಷತ್ರಗಳನ್ನು ಅಂಟಿಸುವ ಪದ್ಧತಿಯ ಹಿಂದೆಯೂ ಇಂಥ ಮಾಲೆಯೇ ಇದೆ. ಹೊರಗಿನ ಗಾಳಿ 24 ಡಿಗ್ರಿಯಿಂದ 43 ಡಿಗ್ರಿಯವರೆಗೆ ಇರುವ ವರ್ಷದ 1,600 ಗಂಟೆಗಳನ್ನು ವಿಂಗಡಿಸಿ, ಪ್ರತಿ ಉಷ್ಣತೆಯಲ್ಲಿ ಯಂತ್ರದ ನಡತೆಯನ್ನು ತೂಗಿ, ಇಡೀ ದೇಶಕ್ಕೆ ಒಂದು ಅಂಕಿಯನ್ನು ಪಡೆಯಲಾಗುತ್ತದೆ. ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಉಷ್ಣತೆ ದಾಖಲಾದದ್ದೇ ದೊಡ್ಡ ಸುದ್ದಿಯಾಯಿತು. 43 ಡಿಗ್ರಿಯನ್ನೂ ಒಳಗೊಂಡ ಸರಾಸರಿಯು ಜಯನಗರದ ಮನೆಯೊಂದರ ವಿದ್ಯುತ್ತಿನ ಬಿಲ್ಲನ್ನು ಕರಾರುವಾಕ್ಕಾಗಿ ಹೇಳಲಾರದೆಂಬುದು ಸ್ಪಷ್ಟ. ಯಂತ್ರಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಅದು ಉಪಯುಕ್ತ.

ಹರಿಯುವ ದ್ರವ ಬದಲಾದರೂ ನೆಲೆ ಬದಲಾಗುತ್ತದೆ. ಓಜೋನಿಗೆ ಮಾರಕವಾದ ದ್ರವಗಳನ್ನು 1987ರ ಮಾಂಟ್ರಿಯಲ್ ಒಪ್ಪಂದವೂ, ಭೂಮಿಯನ್ನು ಕಾಯಿಸುವ ದ್ರವಗಳನ್ನು 2016ರ ಕಿಗಾಲಿ ತಿದ್ದುಪಡಿಯೂ ನಿಯಂತ್ರಣಕ್ಕೆ ತಂದವು. ಭಾರತವು ಎರಡನೆಯದನ್ನು 2021ರಲ್ಲಿ ಅಂಗೀಕರಿಸಿತು. ವಿಷಕರವಾದ ಅಮೋನಿಯಾಕ್ಕೆ ಈ ಎರಡು ಆಕ್ಷೇಪಣೆಗಳೂ ತಟ್ಟುವುದಿಲ್ಲ. ಉಳಿದ ಯಂತ್ರಗಳಲ್ಲಿ ದ್ರವವನ್ನು ಬದಲಿಸುವಾಗಲೆಲ್ಲ, ಹಳೆಯ ಕಂಪ್ರೆಸರೂ ಹಳೆಯ ಕಂಡೆನ್ಸರೂ ಹೊಸ ದ್ರವದೊಡನೆ ಎಲ್ಲಿ ಒಪ್ಪಂದಕ್ಕೆ ಬರುತ್ತವೆಂಬುದನ್ನು ಮತ್ತೆ ಗಣಿಸಬೇಕಾಗುತ್ತದೆ.

9. ಉಪಸಂಹಾರ

ಚರಿತ್ರೆಯ ಅಭ್ಯಾಸಿಗೆ ಈ ಗಣನೆಯಿಂದ ಆಗುವ ಪ್ರಯೋಜನವೇನೆಂದು ಕೇಳಬಹುದು. ಶೈತ್ಯಯಂತ್ರಗಳ ಕೋಣೆಯಲ್ಲಿ ಗಂಟೆಗಂಟೆಗೆ ಒತ್ತಡವನ್ನೂ ಉಷ್ಣತೆಯನ್ನೂ ಬರೆದಿಡುವ ದಿನಚರಿ ಪುಸ್ತಕಗಳಿರುತ್ತವೆ. ಉದ್ಯಮದ ಚರಿತ್ರೆಗೆ ಅವು ಶಾಸನಗಳಷ್ಟೇ ಬೆಲೆಯುಳ್ಳ ಆಕರಗಳು; ಆದರೆ ಓದುವ ಲಿಪಿ ತಿಳಿದಿರಬೇಕು. ಒಂದು ಸಣ್ಣ ನಿದರ್ಶನ: ಒತ್ತಡಮಾಪಕವು ತೋರಿಸುವುದು ಸುತ್ತಲಿನ ವಾಯುವಿಗಿಂತ ಒಳಗೆ ಎಷ್ಟು ಹೆಚ್ಚೆಂಬುದನ್ನು ಮಾತ್ರ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಸುಮಾರು 0.91 ಬಾರ್, ಕಡಲತೀರದಲ್ಲಿ 1.01. ಈ 0.1 ಬಾರಿನ ಅಂತರವನ್ನು ಮರೆತು ದಿನಚರಿಯನ್ನು ಓದಿದರೆ ಕುದಿಯುವ ಉಷ್ಣತೆಯಲ್ಲಿ ಸುಮಾರು ಮುಕ್ಕಾಲು ಡಿಗ್ರಿ ತಪ್ಪುತ್ತದೆ. ನಮ್ಮ ಕಲ್ಪಿತ ಯಂತ್ರದಲ್ಲಾದರೆ ಅದು 3 ಕಿಲೊವಾಟ್ ತಣ್ಪಿನ ತಪ್ಪು. ಬರೆದ ಅಂಕಿಗಳು ಸ್ಥಿರಸ್ಥಿತಿಯ ಆಯವ್ಯಯಕ್ಕೆ ಹೊಂದುತ್ತವೆಯೇ ಎಂದು ಪರೀಕ್ಷಿಸಿದರೆ, ಯಂತ್ರದ ಆರೋಗ್ಯವನ್ನೂ ಬರೆದವನ ಶ್ರದ್ಧೆಯನ್ನೂ ಒಟ್ಟಿಗೆ ಅರಿಯಬಹುದು. ಹಳೆಯ ಯಂತ್ರಗಳನ್ನು ಗುಜರಿಗೆ ಕಳುಹಿಸುವಾಗ ಅವುಗಳ ದಿನಚರಿ ಪುಸ್ತಕಗಳನ್ನಾದರೂ ಕಾಪಾಡಬೇಕೆಂಬುದು ನಮ್ಮ ವಿನಂತಿ.

ಮೇಲಾಗಿ, ತಣ್ಪಿನ ಚರಿತ್ರೆಯನ್ನು ಪರ್ಕಿನ್ಸ್, ಲಿಂಡೆ ಮೊದಲಾದವರ ಹೆಸರುಗಳಿಂದಲೇ ಕಟ್ಟಿಬಿಡುವ ರೂಢಿಯನ್ನು ನಾವು ತುಸು ಸಡಿಲಿಸಬೇಕಾಗಿದೆ. ಒಂದು ಊರಿಗೆ ತಣ್ಪು ಬರಲು ಕಂಪ್ರೆಸರಿನಷ್ಟೇ ನೀರೂ ಗಾಳಿಯೂ ವಿದ್ಯುತ್ತೂ ಸುಣ್ಣ ಕೆರೆಯುವ ಕೆಲಸಗಾರನೂ ಬೇಕು. ಇವರೆಲ್ಲರ ನಡುವಿನ ಒಪ್ಪಂದವೇ ಯಂತ್ರದ ನೆಲೆ. ಹಸುವಿನ ಕೆಚ್ಚಲಿನಿಂದ ಹೊರಟ ಹಾಲು ಹುಳಿಯಾಗದೆ ಪಟ್ಟಣವನ್ನು ಸೇರಿದಾಗ, ಅದರ ಬೆಲೆ ಹಳ್ಳಿಯ ಮನೆಗೆ ಹಿಂದಿರುಗುತ್ತದೆ. ಹುಳಿಯಾದರೆ ನಷ್ಟವೂ ಅದೇ ಮನೆಗೆ ಹೋಗುತ್ತದೆ. ನಾಲ್ಕು ನಿಯಮಗಳನ್ನು ಕೂಡಿಸುವ ಈ ಲೆಕ್ಕದ ತುದಿಯಲ್ಲಿ ನಿಂತಿರುವುದು ಆ ಮನೆ ಎಂಬುದನ್ನು ಮರೆಯದಿದ್ದರೆ, ಗಣನೆಯ ಶ್ರಮ ಸಾರ್ಥಕವಾದಂತೆ.